ಚಲನೆಯ ಪಾಠ ನಮ್ಮ ಶಾಲೆಗೆ ಬಂದ ಬಗೆ

(ಬಾನುಲಿ ಭಾಷಣದ ಬರಹರೂಪ)

ಕೆಲವು ವರುಷಗಳ ಹಿಂದೆ, ನವೆಂಬರ ತಿಂಗಳಿನಲ್ಲಿ, ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಕನ್ನಡ ಹಬ್ಬದ ಭಾಷಣಕ್ಕೆಂದು ಹೋಗಿದ್ದೆ. ಸಮಾರಂಭಕ್ಕೆ ಇನ್ನೂ ಹೊತ್ತಿತ್ತು. ಮುಖ್ಯಗುರುಗಳು ನನ್ನನ್ನು ಐದನೆಯ ತರಗತಿಯಲ್ಲಿ ಒಂದು ಕುರ್ಚಿಯ ಮೇಲೆ ಕುಳ್ಳಿರಿಸಿ ತಮ್ಮ ಕೆಲಸಕ್ಕೆ ಹೋದರು. ಅಲ್ಲಿ ಅಕ್ಕೋರು ಚಲನೆಯ ಪಾಠವನ್ನು ಆರಂಭಿಸಿದ್ದರು. "ಬಲ ಅಂದ್ರ ಏನು? ಯಾರು ಹೇಳ್ತೀರಿ?" ಎಂದು ಕೇಳಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಥಟ್ಟನೆ ತನ್ನ ಬಲಗೈಯನ್ನು ಎತ್ತಿ ಹಿಡಿದು, "ಇದರೀ ಅಕ್ಕೋರ, ಇದು ಬಲ" ಎಂದಳು.

ನಾನು ನಕ್ಕುಬಿಟ್ಟೆ. ಅತಿಥಿಗಳು ನಕ್ಕರೆಂದು ತರಗತಿಯೆಲ್ಲ ನಕ್ಕಿತು. ಹುಡುಗಿಯ ಕೈ ಮೆಲ್ಲನೆ ಕೆಳಗಿಳಿಯಿತು. ನಗದೆ ಇದ್ದವರು ಅಕ್ಕೋರು ಒಬ್ಬರೇ. "ಖರೆ ಐತಿ. ಆ ಬಲಗೈಲೆ ಈ ಕದಾ ದಬ್ಬು ನೋಡೋಣು" ಎಂದರು. ಹುಡುಗಿ ಎದ್ದು ಬಂದು ದಬ್ಬಿದಳು. ಹಳೆಯ ಕದ ಕಿರ್ರೆಂದು ಅರ್ಧ ದಾರಿ ಸರಿದು ನಿಂತಿತು. "ಯಾಕ ಸರೀತು?" "ನಾ ದಬ್ಬೀನಲ್ರೀ." "ಹಂಗ ದಬ್ಬೂದಕ್ಕ, ಜಗ್ಗೂದಕ್ಕ ನಮ್ಮ ಪುಸ್ತಕದಾಗ ಬಲ ಅಂತಾರ." ಪಾಠದ ಅರ್ಧ ಅಲ್ಲಿಗೆ ಮುಗಿಯಿತು. ಬಳಿಕ ಅಕ್ಕೋರು ಇನ್ನೊಂದು ಪ್ರಶ್ನೆ ಕೇಳಿದರು: "ಮತ್ತ ಯಾಕ ನಿಂತ್ತು?" ಹುಡುಗಿ ತಡಮಾಡಲಿಲ್ಲ. "ದಬ್ಬೂದು ಬಿಟ್ನಲ್ರೀ, ಅದಕ್ಕ ನಿಂತ್ತು."

ಶಾಲೆಯ ಮಕ್ಕಳಿಗೆ ಬಲ ಮತ್ತು ಚಲನೆಗಳನ್ನು ಕಲಿಸುವ ಸಮಸ್ಯೆಯೆಲ್ಲ ಈ ಎರಡು ಉತ್ತರಗಳಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ಮೊದಲನೆಯ ಉತ್ತರದಲ್ಲಿರುವುದು ಮಾತಿನ ತೊಡಕು. ಎರಡನೆಯದರಲ್ಲಿರುವುದು ವಿಚಾರದ ತೊಡಕು. ಮೊದಲನೆಯದನ್ನು ಬಿಡಿಸಬೇಕಾದವನು ನನ್ನಂಥ ಕನ್ನಡದ ಮೇಷ್ಟ್ರು. ಅಂಥವನೇ ಅಂದು ನಕ್ಕುಬಿಟ್ಟಿದ್ದೆ. ಈ ಭಾಷಣವನ್ನು ಆ ನಗೆಗೆ ತೆರುವ ದಂಡವೆಂದು ಕೇಳುಗರು ಭಾವಿಸಬಹುದು.

ಹಾಗೆ ನೋಡಿದರೆ ಹುಡುಗಿ ತಪ್ಪು ಹೇಳಿರಲಿಲ್ಲ. ನಮ್ಮ ನುಡಿಯಲ್ಲಿ ಬಲ ಎಂದರೆ ಎಡಕ್ಕೆ ಎದುರಾದದ್ದು. ತಮಿಳಿನ ವಲಂ ಎಂಬುದು ಇದರ ಒಡಹುಟ್ಟು. ಸಂಸ್ಕೃತದಿಂದ ಬಂದ ಬಲಕ್ಕೆ ಕಸುವು ಎಂಬ ಅರ್ಥವಿದೆ, ಸೈನ್ಯ ಎಂಬ ಅರ್ಥವೂ ಇದೆ. ನಮ್ಮ ಹಳೆಯ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಬಲ ಬಂದಿತೆಂದರೆ ಬಂದದ್ದು ದಂಡು. ಇಷ್ಟು ಸಾಲದೆಂಬಂತೆ ಭೌತವಿಜ್ಞಾನದ ಪುಸ್ತಕ ಅದಕ್ಕೆ ನಾಲ್ಕನೆಯ ಅರ್ಥವೊಂದನ್ನು ಹೊರಿಸಿತು. ಇನ್ನು ಮಗು ಮನೆಯಿಂದ ತರುವ ಮಾತು 'ಜೋರು'. ಪಾರಸಿಯಿಂದ ಬಂದು ನಮ್ಮದೇ ಆಗಿಹೋದ ಈ ಮಾತು ಎರಡು ಕೆಲಸ ಮಾಡುತ್ತದೆ. ಜೋರಾಗಿ ದಬ್ಬು ಎಂದಾಗ ಅದು ಬಲ. ಜೋರಾಗಿ ಓಡು ಎಂದಾಗ ಅದು ವೇಗ. ವಿಜ್ಞಾನ ಬಹಳ ಕಷ್ಟಪಟ್ಟು ಬೇರೆಬೇರೆ ಮಾಡಿದ ಎರಡು ಸಂಗತಿಗಳು ನಮ್ಮ ಆಡುಮಾತಿನಲ್ಲಿ ಒಂದೇ ಹೆಸರಿನಿಂದ ಬಾಳುತ್ತಿವೆ. ಘರ್ಷಣೆ ಎಂಬ ಪಾರಿಭಾಷಿಕ ಪದವನ್ನೇ ನೋಡಿ. ಪತ್ರಿಕೆಗಳಲ್ಲಿ ಅದು ಎರಡು ಗುಂಪುಗಳ ಹೊಡೆದಾಟ. ಪಾಠದಲ್ಲಿ ಅದು ಗಾಲಿಯ ಗುಂಬಕ್ಕೂ ಅಚ್ಚಿಗೂ ನಡುವಿನ ತಿಕ್ಕಾಟ. ಕೀಲೆಣ್ಣೆ ಹಾಕದ ಬಂಡಿ ಎತ್ತಿಗೆ ಭಾರವೆಂದು ಬಲ್ಲ ಒಕ್ಕಲಿಗನ ಮಗನಿಗೆ ವಿಷಯ ಗೊತ್ತಿದೆ. ಅದರ ಹೆಸರು ಮಾತ್ರ ಗೊತ್ತಿಲ್ಲ.

ಹೀಗೇಕಾಯಿತೆಂದು ತಿಳಿಯಲು ನಮ್ಮ ಸೀಮೆಯ ಶಾಲೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮುಂಚೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಧಾರವಾಡ ಜಿಲ್ಲೆಯ ಊರುಗಳು. 1956ರ ಏಕೀಕರಣಕ್ಕೆ ಮುಂಚೆ ಮುಂಬಯಿಯ ಆಳಿಕೆಗೆ ಸೇರಿದವು. ಸರಕಾರಿ ಶಾಲೆಗಳು ಹಬ್ಬುವ ಮೊದಲು ಇಲ್ಲಿದ್ದದ್ದು ಐಗಳ ಮಠ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು. ಶಾಲೆಗೆ ಮಠ ಎಂಬ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ, 1865ರಲ್ಲಿ ಬೆಳಗಾವಿಯಿಂದ ಕನ್ನಡ ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೆ 'ಮಠಪತ್ರಿಕೆ' ಎಂದೇ ಹೆಸರಿಟ್ಟರು. ಮುಂದೆ 'ಜೀವನ ಶಿಕ್ಷಣ'ವಾದದ್ದು ಅದೇ ಪತ್ರಿಕೆ.

ಆ ಕಾಲಕ್ಕೆ ಧಾರವಾಡ ಸೀಮೆಯ ಸರಕಾರಿ ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಮಗುವಿನ ಬಾಯಲ್ಲಿ ಕನ್ನಡ, ಮಾಸ್ತರರ ಕೈಯಲ್ಲಿ ಮರಾಠಿ ಪುಸ್ತಕ. ಈ ಸ್ಥಿತಿಯನ್ನು ತಿದ್ದಲು ದುಡಿದವರಲ್ಲಿ ಮುಖ್ಯರು ವಿದ್ಯಾಖಾತೆಯ ಅಧಿಕಾರಿ ರಸೆಲ್ ಸಾಹೇಬರು ಮತ್ತು ಡೆಪ್ಯುಟಿ ಚೆನ್ನಬಸಪ್ಪನವರು. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಚೆನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆಯಿಸಿದರು, ಕನ್ನಡ ಮಾಸ್ತರರನ್ನು ತಯಾರು ಮಾಡಿದರು, ಶೇಕ್ಸ್‌ಪಿಯರನ ನಾಟಕವನ್ನೂ ಕನ್ನಡಕ್ಕೆ ತಂದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಹೋರಾಟದ ಮುಂದಿನ ಹೆಜ್ಜೆ. ಈಗಿನ ಹಾವೇರಿ ಜಿಲ್ಲೆಯೇ ಕೊಟ್ಟ ಇಬ್ಬರು ದೊಡ್ಡ ಸಾಹಿತಿಗಳು, ಸಾತೇನಹಳ್ಳಿಯ ಶಾಂತಕವಿಗಳು ಮತ್ತು ಗಳಗನಾಥದ ವೆಂಕಟೇಶ ತಿರಕೋ ಕುಲಕರ್ಣಿಯವರು, ಕನ್ನಡ ಶಾಲೆಯ ಮಾಸ್ತರಿಕೆ ಮಾಡಿದವರು. ಒಬ್ಬರು ನಾಟಕ ಕಟ್ಟಿದರು, ಇನ್ನೊಬ್ಬರು ಕಾದಂಬರಿ ಬರೆದು ಹೆಗಲ ಮೇಲೆ ಹೊತ್ತು ಮಾರಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಹಿರಿಯರೆಲ್ಲರ ಮುಂದಿದ್ದ ಪ್ರಶ್ನೆ ಕನ್ನಡ ಉಳಿಯುವುದೋ ಇಲ್ಲವೋ ಎಂಬುದು. ಆದುದರಿಂದ ಶಾಲೆಯ ಕನ್ನಡ ಮೊದಲು ಕಥೆ, ಪುರಾಣ, ಪದ್ಯ, ಇತಿಹಾಸಗಳ ಕನ್ನಡವಾಯಿತು. ಅದು ಸಹಜ; ಅವರನ್ನು ಆಕ್ಷೇಪಿಸುವಂತಿಲ್ಲ. ಆದರೆ ಬಂಡಿಯ, ಕುಲುಮೆಯ, ಏತದ, ಗಾಣದ ಕನ್ನಡ ಶಾಲೆಯ ಹೊಸ್ತಿಲಿನ ಹೊರಗೇ ಉಳಿಯಿತು. ವಿಜ್ಞಾನ ಮುಂದೆ ಶಾಲೆಗೆ ಬಂದಾಗ ಅದಕ್ಕೆ ಬೇಕಾದ ಮಾತುಗಳನ್ನು ಬಡಿಗನ ಬಾಯಿಂದ ಎತ್ತಿಕೊಳ್ಳಲಿಲ್ಲ, ಕೋಶದಿಂದ ಎತ್ತಿಕೊಂಡೆವು.

ವಸ್ತುಗಳನ್ನು ಮುಂದಿಟ್ಟು ಪಾಠ ಹೇಳುವ ವಿಚಾರ ನಮಗೆ ಅಪರಿಚಿತವಾಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿಯ ಹೆಸರಿನೊಡನೆ ಹಬ್ಬಿದ ವಸ್ತುಪಾಠದ ಕ್ರಮ ಆಂಗ್ಲರ ಮೂಲಕ ನಮ್ಮ ದೇಶಕ್ಕೂ ಬಂದಿತ್ತು. ಆದರೆ ವಸ್ತುವನ್ನು ಕೆಲಸವನ್ನಾಗಿ ಮಾಡಿದ್ದು 1937ರ ವಾರ್ಧಾ ಯೋಜನೆ. ಗಾಂಧೀಜಿಯವರು ಮುಂದಿಟ್ಟ, ಜಾಕಿರ್ ಹುಸೇನರ ಸಮಿತಿ ರೂಪಿಸಿದ ಈ ಮೂಲಶಿಕ್ಷಣದಲ್ಲಿ ಕೈಕಸುಬೇ ಎಲ್ಲ ಪಾಠಗಳ ಬೇರು. ಈ ವಿಚಾರ ಬೇರೂರಲು ನಮ್ಮ ಸೀಮೆಯ ನೆಲ ಹದವಾಗಿತ್ತು. ಬ್ಯಾಡಗಿಯ ನೆರೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದು ಹೋದವರು. 1943ರ ಎಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಅಂಥವರ ನೆರಳಿನಲ್ಲಿ ಈ ಊರುಗಳಲ್ಲಿ ನೂಲುವುದು ಬರಿಯ ಕಸುಬಾಗಿರದೆ ಒಂದು ವ್ರತವಾಗಿತ್ತು.

ನಾನು ರಾಣೆಬೆನ್ನೂರು ತಾಲೂಕಿನ ಹಳ್ಳಿಯೊಂದರಲ್ಲಿ ಕಲಿಯುತ್ತಿದ್ದುದು 1960ರ ದಶಕದ ಕೊನೆಯಲ್ಲಿ. ಮೂಲಶಿಕ್ಷಣದ ಹುರುಪು ಆರಿಹೋಗಿತ್ತಾದರೂ ಉದ್ಯೋಗದ ತಾಸು ಉಳಿದಿತ್ತು. ಎಲ್ಲರ ಕೈಯಲ್ಲೂ ಒಂದೊಂದು ತಕಲಿ, ಮಡಿಲಲ್ಲಿ ಹಂಜಿ. ತಕಲಿಯ ತಲೆಯನ್ನು ಬೆರಳಲ್ಲಿ ಒಮ್ಮೆ ಹೊಸೆದು ಬಿಟ್ಟರೆ ಅದು ಗಾಳಿಯಲ್ಲಿ ತೂಗುತ್ತ ತಾನೇ ತಿರುಗುತ್ತಿತ್ತು. ಬೆರಳು ಬಿಟ್ಟಾಗಿದೆ, ಯಾರೂ ತಿರುಗಿಸುತ್ತಿಲ್ಲ. ಆದರೂ ಅದು ತಿರುಗುತ್ತಿದೆ. ಕೆಳಗಿನ ಹಿತ್ತಾಳೆಯ ಬಿಲ್ಲೆ ಭಾರವಾಗಿದ್ದಷ್ಟೂ ಹೆಚ್ಚು ಹೊತ್ತು ತಿರುಗುತ್ತಿತ್ತು. ನೂಲು ಹುರಿಗೊಂಡು ಎದುರು ಸೆಳೆದಾಗ ತಡೆದು ತಡೆದು ನಿಲ್ಲುತ್ತಿತ್ತು. ಗತಿಯಲ್ಲಿರುವ ವಸ್ತು ಗತಿಯಲ್ಲೇ ಇರಬಯಸುತ್ತದೆ, ತಡೆಯುವ ಬಲವೊಂದು ಬೇಕು ಎಂಬ ಜಡತ್ವದ ಪಾಠ ನಲವತ್ತು ಮಕ್ಕಳ ಕೈಯಲ್ಲಿ ದಿನಾಲು ತಿರುಗುತ್ತಿತ್ತು. ನಮ್ಮ ಮಾಸ್ತರರು ಅದನ್ನು ಹೇಳಲಿಲ್ಲ. ಅವರಿಗೆ ಅದನ್ನು ಹೇಳಿದವರೂ ಯಾರಿರಲಿಲ್ಲ. ನೂಲನ್ನು ಅಳೆದರು, ಎಳೆಗಳನ್ನು ಎಣಿಸಿದರು. ವಿಜ್ಞಾನದ ಪುಸ್ತಕವನ್ನು ಬೇರೆ ತಾಸಿನಲ್ಲಿ ತೆರೆದು, ಜಡತ್ವದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಿದರು. ಕೈ ಒಂದು ತಾಸಿನಲ್ಲಿ ಕಲಿತದ್ದೂ ಬಾಯಿ ಇನ್ನೊಂದು ತಾಸಿನಲ್ಲಿ ಒಪ್ಪಿಸಿದ್ದೂ ಒಂದೇ ಎಂದು ನನಗೆ ಹೊಳೆಯಬೇಕಾದರೆ ನಿವೃತ್ತಿಯ ವಯಸ್ಸೇ ಬರಬೇಕಾಯಿತು.

ಈಗ ಹುಡುಗಿಯ ಎರಡನೆಯ ಉತ್ತರಕ್ಕೆ ಬರೋಣ. ದಬ್ಬುವುದನ್ನು ಬಿಟ್ಟೆ, ಅದಕ್ಕೇ ನಿಂತಿತು. ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಬಂಡಿಯ ಸೀಮೆಯ ಮಗು ಇದಕ್ಕಿಂತ ಬೇರೆ ಏನು ಹೇಳೀತು? ಗ್ರೀಸಿನ ಅರಿಸ್ಟಾಟಲನೂ ಹೇಳಿದ್ದು ಇದನ್ನೇ: ಚಲಿಸುವುದಕ್ಕೆಲ್ಲ ಚಲಿಸುವವನೊಬ್ಬ ಬೇಕು. ಹಾಗಾದರೆ ಬಿಲ್ಲಿನಿಂದ ಬಿಟ್ಟ ಬಾಣವನ್ನು ಮುಂದೆ ಒಯ್ಯುವವರಾರು? ಈ ಪ್ರಶ್ನೆ ಎರಡು ಸಾವಿರ ವರುಷ ಪಂಡಿತರನ್ನು ಕಾಡಿತು.

ನಮ್ಮ ದೇಶದಲ್ಲಿ ಇದನ್ನು ಕೇಳಿಕೊಂಡವರು ವೈಶೇಷಿಕರು. ಕಣಾದನ ಸೂತ್ರಗಳ ಐದನೆಯ ಅಧ್ಯಾಯ ಆರಂಭವಾಗುವುದು ಯಾವ ದೊಡ್ಡ ವಸ್ತುವಿನಿಂದಲೂ ಅಲ್ಲ, ಒನಕೆಯಿಂದ. ಕೈ ಏಳುವುದು ಪ್ರಯತ್ನದಿಂದ. ಒನಕೆ ಏಳುವುದು ಕೈಯ ಸಂಯೋಗದಿಂದ. ಹಿಡಿತ ತಪ್ಪಿದರೆ ಬೀಳುವುದು ಗುರುತ್ವದಿಂದ. ಬಾಣದ ಮೊದಲ ಚಲನೆ ನೂಕಿನಿಂದ, ಮುಂದಿನ ಚಲನೆ ಆ ಮೊದಲ ಚಲನೆಯೇ ಬಾಣದಲ್ಲಿ ಬಿಟ್ಟುಹೋದ ಸಂಸ್ಕಾರದಿಂದ. ಸುಮಾರು 6ನೆಯ ಶತಮಾನದವನೆಂದು ಎಣಿಸಲಾಗುವ ಪ್ರಶಸ್ತಪಾದ ಈ ಸಂಸ್ಕಾರವನ್ನು ವೇಗವೆಂದು ಕರೆದು ವಿವರಿಸಿದ. ಅದೇ ಕಾಲದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸನೂ, 14ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನನೂ ಇಂಥದೇ ವಿಚಾರವನ್ನು ಹೇಳಿದರು. ಇದರಿಂದ ನ್ಯೂಟನ್ನನ ನಿಯಮ ನಮ್ಮಲ್ಲಿ ಮೊದಲೇ ಇತ್ತೆಂದು ಹಿಗ್ಗಬೇಕಾಗಿಲ್ಲ. ವೈಶೇಷಿಕರ ಗುರುತ್ವವೆಂದರೆ ವಸ್ತುವಿನದೇ ಆದ ಭಾರಗುಣ, ವಸ್ತುಗಳ ನಡುವಣ ಸೆಳೆತವಲ್ಲ. ಅವರ ವೇಗ ಸವೆದುಹೋಗುವಂಥದು. ಆದರೆ ಗುರುತ್ವ, ವೇಗ ಎಂಬ ಮಾತುಗಳು ಅಲ್ಲಿಂದ ಇಳಿದು ನಮ್ಮ ಮಕ್ಕಳ ಪುಸ್ತಕಕ್ಕೆ ಬಂದಿವೆ. ಬ್ಯಾಡಗಿಯ ಮನೆಗಳಲ್ಲಿ ಮೆಣಸಿನಕಾಯಿ ಕುಟ್ಟಿ ಖಾರದಪುಡಿ ಮಾಡಿದ ಅಜ್ಜಿಯರ ಕೈಯ ಒನಕೆಯನ್ನೇ ಕಣಾದನೂ ನೋಡಿದ್ದ. ಆ ಗುರುತ್ವವೆಂಬ ಮಾತಿನ ಬೆನ್ನಿಗೆ ಈ ಒನಕೆಯನ್ನು ನಿಲ್ಲಿಸಿದರೆ ಅದು ಮಗುವಿಗೆ ಪರದೇಶಿಯಾಗಿ ಉಳಿಯುವುದಿಲ್ಲ.

ಗಂಟನ್ನು ಬಿಡಿಸಿದವನು ಗೆಲಿಲಿಯೋ. 1638ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಇಳಿಜಾರಿನ ಹಲಿಗೆಯ ಮೇಲೆ ಗುಂಡು ಉರುಳಿಸಿ, ನೀರಿನ ಗಡಿಯಾರದಿಂದ ಕಾಲ ಅಳೆದ ವಿವರವಿದೆ. ಒಂದು ಇಳಿಜಾರಿನಲ್ಲಿ ಉರುಳಿದ ಗುಂಡು ಎದುರಿನ ಏರನ್ನು ಹೆಚ್ಚುಕಡಿಮೆ ಅಷ್ಟೇ ಎತ್ತರ ಏರುತ್ತದೆ. ಏರನ್ನು ತಗ್ಗಿಸುತ್ತ ಹೋದರೆ ಅಷ್ಟು ಎತ್ತರ ಮುಟ್ಟಲು ಗುಂಡು ಇನ್ನೂ ದೂರ ಓಡಬೇಕು. ಏರೇ ಇಲ್ಲದಿದ್ದರೆ? ನುಣುಪಾದ ಸಮನೆಲದ ಮೇಲೆ ಅದು ಓಡುತ್ತಲೇ ಇರಬೇಕು. ಬಂಡಿ ನಿಲ್ಲುವುದು ಎಳೆತ ನಿಂತದ್ದರಿಂದಲ್ಲ, ತಿಕ್ಕಾಟ ಅದನ್ನು ನಿಲ್ಲಿಸುವುದರಿಂದ. 1687ರಲ್ಲಿ ನ್ಯೂಟನ್ ಇದನ್ನು ತನ್ನ ಮೊದಲನೆಯ ನಿಯಮವಾಗಿ ನಿಲ್ಲಿಸಿದ. ಹುಡುಗಿಯ ಉತ್ತರ ದಡ್ಡತನವಲ್ಲ. ಮಾನವಕುಲವೇ ಎರಡು ಸಾವಿರ ವರುಷ ತಂಗಿದ ಛತ್ರ ಅದು. 1980ರ ಸುಮಾರಿಗೆ ಫ್ರಾನ್ಸ್, ಅಮೆರಿಕ ಮೊದಲಾದೆಡೆ ಸಂಶೋಧಕರು ಕಾಲೇಜಿನ ವಿದ್ಯಾರ್ಥಿಗಳನ್ನೇ ಪರೀಕ್ಷಿಸಿದರು. ಮೇಲಕ್ಕೆ ಚಿಮ್ಮಿದ ನಾಣ್ಯದ ಮೇಲೆ, ಅದು ಕೈಬಿಟ್ಟ ಮೇಲೂ, ಮೇಲ್ಮುಖವಾದ ಬಲವೊಂದಿದೆ ಎಂದು ಅವರಲ್ಲಿ ಬಹಳ ಮಂದಿ ಹೇಳಿದರು. ವ್ಯಾಖ್ಯೆ ಬಾಯಲ್ಲಿತ್ತು, ಎತ್ತಿನ ಬಂಡಿ ತಲೆಯಲ್ಲಿತ್ತು.

ಕನ್ನಡದಲ್ಲಿ ಈ ವಿಚಾರಗಳನ್ನು ಹೇಳುವ ಯತ್ನಗಳೂ ಕಡಿಮೆಯಲ್ಲ. 1918ರಲ್ಲಿ ಬೆಂಗಳೂರಿನಿಂದ ಹೊರಟ 'ವಿಜ್ಞಾನ' ಮಾಸಪತ್ರಿಕೆಯ ಹಿಂದಿದ್ದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ವೆಂಕಟನಾರಣಪ್ಪನವರು ಪಂಪಭಾರತವನ್ನೂ ಸಂಪಾದಿಸಿದವರು. ಅವರಲ್ಲಿ ಸಾಹಿತ್ಯಕ್ಕೂ ವಿಜ್ಞಾನಕ್ಕೂ ನಡುವೆ ಗೋಡೆಯಿರಲಿಲ್ಲ. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದರು. 1978ರಲ್ಲಿ 'ಬಾಲವಿಜ್ಞಾನ' ಪತ್ರಿಕೆ ಆರಂಭವಾಯಿತು, ಜೆ. ಆರ್. ಲಕ್ಷ್ಮಣರಾಯರು ಅದನ್ನು ಬಹುಕಾಲ ಪೊರೆದರು. ಇವೆಲ್ಲ ಓದುವ ಮಗುವನ್ನು ಮುಟ್ಟಿದವು. ಓದುವ ಮೊದಲೇ ದಬ್ಬುವ, ಜಗ್ಗುವ, ಉರುಳಿಸುವ ಮಗುವನ್ನು ಮುಟ್ಟಬೇಕಾದವರು ಶಾಲೆಯ ಮಾಸ್ತರರು. ಅವರ ಪಾಡೇನು? ಏಕೀಕರಣದ ತರುವಾಯ ನಮ್ಮ ಭಾಗಕ್ಕೆ ಬೆಂಗಳೂರಿನ ಪುಸ್ತಕಗಳು ಬಂದವು. ನಮ್ಮ ಮಾಸ್ತರರು ಗತಿ ಎನ್ನುತ್ತಿದ್ದರು, ಪುಸ್ತಕ ಚಲನೆ ಎನ್ನುತ್ತಿತ್ತು, ನಾವು ಮನೆಯಲ್ಲಿ ಓಟ ಎನ್ನುತ್ತಿದ್ದೆವು. ಮೂರೂ ಒಂದೇ ಎಂದು ಯಾರೂ ಕೂಡಿಸಿ ತೋರಿಸಲಿಲ್ಲ.

ಕೂಡಿಸುವುದು ಕಷ್ಟದ ಕೆಲಸವೇನಲ್ಲ. ಕಲ್ಪಾಟಿಯನ್ನು ಓರೆಯಾಗಿಟ್ಟು ಒಂದೇ ಗೋಲಿಯನ್ನು ಮೊದಲು ಮರಳಿನ ಮೇಲೆ, ಬಳಿಕ ಗೋಣಿತಟ್ಟಿನ ಮೇಲೆ, ಆಮೇಲೆ ಸಿಮೆಂಟಿನ ನೆಲದ ಮೇಲೆ ಉರುಳಿಸಿ, ಓಡಿದ ದೂರವನ್ನು ಗೇಣಿನಿಂದ ಅಳೆಯಲಿ. ಮೂರು ಅಳತೆಗಳನ್ನು ಬರೆದ ಮಗು ಗೆಲಿಲಿಯೋನ ಬಾಗಿಲಿಗೆ ಬಂದು ನಿಂತಿರುತ್ತದೆ. ನಮ್ಮಲ್ಲಿ ನಾಗರಪಂಚಮಿಗೆ ಊರಿಗೆಲ್ಲ ಜೋಕಾಲಿ ಕಟ್ಟುತ್ತಾರೆ. ಒಂದೇ ಜೋಕಾಲಿಯಲ್ಲಿ ದಪ್ಪನೆಯ ಅಕ್ಕನೂ ಸಣಕಲು ತಂಗಿಯೂ ಒಬ್ಬರಾದ ಮೇಲೊಬ್ಬರು ಕುಳಿತು ಹತ್ತು ಸಲ ತೂಗಲಿ, ಉಳಿದವರು ಕಾಲ ಎಣಿಸಲಿ. ಭಾರ ಬೇರೆಯಾದರೂ ತೂಗಿನ ಕಾಲ ಹೆಚ್ಚುಕಡಿಮೆ ಒಂದೇ ಎಂದು ಕಂಡಾಗ ಅವರಿಗೆ ಆಗುವ ಸೋಜಿಗವೇ ವಿಜ್ಞಾನದ ಆರಂಭ. ಹಗ್ಗವನ್ನು ಉದ್ದ ಮಾಡಿದರೆ ಕಾಲವೂ ಉದ್ದವಾಗುತ್ತದೆ ಎಂಬುದನ್ನು ಆ ಮೇಲೆ ಅವರೇ ಕಂಡುಕೊಳ್ಳುತ್ತಾರೆ.

ಈಗ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಿದ್ದಾರೆ. 2019ರಿಂದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲೂ ಹಲವೆಡೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿವೆ. ಅವರ ಆಸೆಯನ್ನು ನಾನು ಹಳಿಯಲಾರೆ. ಆದರೆ ಬಲದ ಬದಲು ಫೋರ್ಸ್ ಎಂದ ಮಾತ್ರಕ್ಕೆ ತೊಡಕು ಬಿಡದು. ಬಲ ಎಂದಾಗ ನಮ್ಮ ಹುಡುಗಿ ಕೈಯನ್ನಾದರೂ ಎತ್ತಿದಳು. ಫೋರ್ಸ್ ಎಂದಿದ್ದರೆ ಸುಮ್ಮನೆ ಕುಳಿತಿರುತ್ತಿದ್ದಳು. ತಪ್ಪು ಉತ್ತರ ಹೇಳುವಷ್ಟಾದರೂ ಸಲಿಗೆಯಿರುವ ಭಾಷೆಯಲ್ಲೇ ಸರಿಯುತ್ತರದ ದಾರಿ ತೆರೆಯುತ್ತದೆ. ಕನ್ನಡ ಮಾಧ್ಯಮದ ಪರವಾಗಿ ನನಗೆ ತಿಳಿದ ದೊಡ್ಡ ವಾದವೆಂದರೆ ಇದೇ. ಅದು ಅಭಿಮಾನದ ವಾದವಲ್ಲ, ಅನುಭವದ ವಾದ. ಆದರೆ ಆ ತಪ್ಪಿಗೆ ನಗುವವರು ನಾವಾದರೆ ಈ ವಾದವೂ ಉಳಿಯದು.

ಇರಲಿ, ಆ ಶಾಲೆಗೆ ಮರಳೋಣ. ಅಂದು ಅಕ್ಕೋರು "ಯಾಕೆ ನಿಂತಿತು?" ಎಂಬ ಪ್ರಶ್ನೆಯನ್ನು ಕರಿಹಲಿಗೆಯ ಮೂಲೆಯಲ್ಲಿ ಬರೆದು, ಅಳಿಸಬಾರದೆಂದು ಹೇಳಿ ಸಮಾರಂಭಕ್ಕೆ ಹೊರಟರು. ನನ್ನ ಭಾಷಣವೂ ಮುಗಿಯಿತು. ಚಹಾ ಕುಡಿದು ಹೊರಡುವಾಗ ಆ ಕೋಣೆಯ ಬಾಗಿಲಲ್ಲಿ ಗುಂಪು ಕೂಡಿತ್ತು. ಬಿಸಿಯೂಟದ ಅಡಿಗೆಮನೆಯಿಂದ ಯಾರೋ ಒಂದು ಚಮಚ ಎಣ್ಣೆ ತಂದಿದ್ದರು. ಕದದ ಕೀಲಿಗೆ ಹಾಕುತ್ತಿದ್ದರು. ಅದೇ ಹುಡುಗಿ ಅದೇ ಬಲಗೈಯಿಂದ 'ಮೊದಲಿನಷ್ಟs' ಎಂದು ಹೇಳಿಕೊಂಡು ದಬ್ಬಿದಳು. ಕದ ಸದ್ದಿಲ್ಲದೆ ಅರ್ಧ ದಾರಿ ದಾಟಿ ಮುಂದೆ ಹೋಯಿತು. ಮಕ್ಕಳು ಕೂಗಿದರು. "ಎಣ್ಣಿ ಇನ್ನೂ ಚೊಲೋ ಇತ್ತಂದ್ರ? ತಿಕ್ಕಾಟs ಇರಲಿಲ್ಲಂದ್ರ?" ಎಂದು ಅಕ್ಕೋರು ಕೇಳಿದರು. ಹುಡುಗಿ ಕದವನ್ನೂ ಅದರ ಹಿಂದಿನ ಗೋಡೆಯನ್ನೂ ನೋಡಿ ಹೇಳಿದಳು: "ನಿಂದರಂಗಿಲ್ರೀ ಅಕ್ಕೋರ, ಗ್ವಾಡೀಗೆ ಹೋಗಿ ಬಡೀತೈತಿ."

ಈ ಸಲವೂ ನಾನು ನಕ್ಕೆ. ಆದರೆ ಈ ಸಲ ಅವಳೂ ನಕ್ಕಳು.